ಪ್ಲಗ್‌ಇನ್ ಹೆಚ್ಚಿದಷ್ಟೂ ಎಡಿಟರ್ ತೆವಳುತ್ತದೆ

ಮಾನ್ಯರೇ,

ಮೊಬೈಲ್ ಆ್ಯಪ್ ಡೆವಲಪರ್‌ಗಳಿಗೆ ‘ಇರಲೇಬೇಕಾದ 20 ಪ್ಲಗ್‌ಇನ್‌ಗಳು’ ಎಂಬ ಬಗೆಯ ಪಟ್ಟಿಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಪ್ಲಗ್‌ಇನ್ (ಎಕ್ಸ್‌ಟೆನ್ಷನ್) ಎಂದರೆ ಕೋಡ್ ಬರೆಯುವ ತಂತ್ರಾಂಶವಾದ ಎಡಿಟರ್‌ಗೆ ಹೆಚ್ಚಿನ ಸೌಲಭ್ಯ ಸೇರಿಸುವ ಪುಟ್ಟ ತಂತ್ರಾಂಶ. ಹೊಸಬರು ಅಷ್ಟನ್ನೂ ಹಾಕಿಕೊಂಡು, ಎಡಿಟರ್ ನಿಧಾನವಾದಾಗ ಕಂಪ್ಯೂಟರನ್ನು ದೂರುತ್ತಾರೆ. ನಿಜಕ್ಕೂ ಬೇಕಾಗುವುದು ಮೂರೋ ನಾಲ್ಕೋ.

ವಿಎಸ್ ಕೋಡ್ ಎಡಿಟರ್‌ನಲ್ಲಿ ಆ್ಯಪ್ ಕಟ್ಟುವ ಚೌಕಟ್ಟಾದ ಫ್ಲಟರ್‌ನ ಪ್ಲಗ್‌ಇನ್ ಹಾಕಿದರೆ ಅದರ ಭಾಷೆಯಾದ ಡಾರ್ಟ್‌ನ ಪ್ಲಗ್‌ಇನ್ ಜೊತೆಗೇ ಬರುತ್ತದೆ. ಪರದೆಯ ಒಂದು ಭಾಗವಾದ ವಿಜೆಟ್‌ನ ಹೆಸರಿನ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್ ಮತ್ತು ಚುಕ್ಕಿ ಒತ್ತಿದರೆ ಅದನ್ನು ಪ್ಯಾಡಿಂಗ್ (ಸುತ್ತ ಖಾಲಿ ಜಾಗ) ಅಥವಾ ಕಾಲಮ್ (ಒಂದರ ಕೆಳಗೊಂದು ಜೋಡಣೆ) ಒಳಗೆ ಸೇರಿಸುವ ಆಯ್ಕೆಗಳು ತೆರೆಯುತ್ತವೆ. ಬ್ರಾಕೆಟ್ ಎಣಿಸುವ ಗೋಳಿಲ್ಲ. ಇನ್ನೊಂದು ಚೌಕಟ್ಟಾದ ರಿಯಾಕ್ಟ್ ನೇಟಿವ್‌ನವರಿಗೆ ಕೋಡಿನ ತಪ್ಪು ತೋರಿಸುವ ಇಎಸ್‌ಲಿಂಟ್ ಮತ್ತು ಕೋಡಿನ ರೂಪ ಒಪ್ಪವಾಗಿಸುವ ಪ್ರೆಟಿಯರ್ ಸಾಕು, ಡಿಬಗ್ ಮಾಡಲು (ದೋಷ ಹುಡುಕಿ ತೆಗೆಯಲು) ರಿಯಾಕ್ಟ್ ನೇಟಿವ್ ಟೂಲ್ಸ್. ಬ್ರಾಕೆಟ್‌ಗಳಿಗೆ ಬಣ್ಣ ಹಚ್ಚುವ ಪ್ಲಗ್‌ಇನ್ ಈಗಲೂ ಹಲವು ಪಟ್ಟಿಗಳಲ್ಲಿದೆ. ಆ ಸೌಲಭ್ಯ 2021ರಿಂದ ಎಡಿಟರ್‌ನಲ್ಲೇ ಇದೆ.

ಇಎಸ್‌ಲಿಂಟ್ ಮತ್ತು ಪ್ರೆಟಿಯರ್ ಒಟ್ಟಿಗಿದ್ದಾಗ ಒಂದು ಜಗಳ ಸಾಮಾನ್ಯ. ಪ್ರೆಟಿಯರ್ ತಾನಾಗಿ ಜೋಡಿ ಉದ್ಧರಣ ಚಿಹ್ನೆ ಹಾಕುತ್ತದೆ. ಇಎಸ್‌ಲಿಂಟ್ ನಿಯಮ ಒಂಟಿ ಚಿಹ್ನೆ ಕೇಳುತ್ತಿದ್ದರೆ ಅದನ್ನು ತಪ್ಪೆನ್ನುತ್ತದೆ. ಸೇವ್ ಮಾಡುವಾಗ ಎರಡೂ ತಿದ್ದಲು ಹೊರಟರೆ ಕೋಡ್ ಅತ್ತಿಂದಿತ್ತ ಓಲಾಡುತ್ತದೆ. ಒಂದು ಸಾಲು ತಿದ್ದಿದ್ದಕ್ಕೆ, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಇಡೀ ಫೈಲ್ ಬದಲಾದಂತೆ ಕಂಡು, ಸಹೋದ್ಯೋಗಿ ಅಸಲಿ ಬದಲಾವಣೆಯನ್ನು ಹುಡುಕಿ ಸುಸ್ತಾಗುತ್ತಾರೆ. ಪ್ರೆಟಿಯರ್ ಜೊತೆ ಜಗಳವಾಡುವ ಇಎಸ್‌ಲಿಂಟ್ ನಿಯಮಗಳನ್ನು ನಿಲ್ಲಿಸುವ ‘ಇಎಸ್‌ಲಿಂಟ್ ಕಾನ್ಫಿಗ್ ಪ್ರೆಟಿಯರ್’ ಪ್ಯಾಕೇಜನ್ನು ಇಎಸ್‌ಲಿಂಟ್ ಸಂರಚನೆಯ ಕಟ್ಟಕಡೆಗೆ ಸೇರಿಸಿ. ಕೊನೆಯಲ್ಲಿ ಬಂದದ್ದು ಹಿಂದಿನದನ್ನು ಅಳಿಸುವುದರಿಂದ ಆ ಜಾಗ ಮುಖ್ಯ, ಮೇಲಿಟ್ಟರೆ ಉಪಯೋಗವಿಲ್ಲ. ಜೊತೆಗೆ ಸೆಟ್ಟಿಂಗ್ಸ್‌ನಲ್ಲಿ ಡಿಫಾಲ್ಟ್ ಫಾರ್ಮ್ಯಾಟರ್ (ಕೋಡಿನ ರೂಪ ತಿದ್ದುವ ಪ್ಲಗ್‌ಇನ್) ಯಾವುದೆಂದು ಹೆಸರಿಸಿಡಿ.

ಎಡಿಟರ್ ನಿಧಾನವಾದರೆ ಆಜ್ಞೆಗಳ ಪಟ್ಟಿಯಾದ ಕಮಾಂಡ್ ಪ್ಯಾಲೆಟ್‌ನಲ್ಲಿ ‘ಶೋ ರನ್ನಿಂಗ್ ಎಕ್ಸ್‌ಟೆನ್ಷನ್ಸ್’ ತೆರೆಯಿರಿ. ಯಾವ ಪ್ಲಗ್‌ಇನ್ ಶುರುವಾಗಲು ಎಷ್ಟು ಮಿಲಿಸೆಕೆಂಡ್ ತಿಂದಿತೆಂದು ಅಲ್ಲಿರುತ್ತದೆ. ಆದರೂ ಸುಳಿವು ಸಿಗದಿದ್ದರೆ ‘ಸ್ಟಾರ್ಟ್ ಎಕ್ಸ್‌ಟೆನ್ಷನ್ ಬೈಸೆಕ್ಟ್’ ಕೊಡಿ. ಅದು ಅರ್ಧರ್ಧ ಪ್ಲಗ್‌ಇನ್‌ಗಳನ್ನು ನಿಲ್ಲಿಸುತ್ತಾ ತೊಂದರೆ ಇನ್ನೂ ಇದೆಯೇ ಎಂದು ಕೇಳುತ್ತದೆ. 20 ಪ್ಲಗ್‌ಇನ್ ಇದ್ದರೂ ಸುಮಾರು ಐದು ಸುತ್ತಿನಲ್ಲಿ ಕಾರಣವಾದದ್ದು ಸಿಕ್ಕಿಬೀಳುತ್ತದೆ.

ತಂಡಕ್ಕೆಲ್ಲ ಒಂದೇ ಪ್ಲಗ್‌ಇನ್‌ಗಳು ಬೇಕಿದ್ದರೆ ಪ್ರಾಜೆಕ್ಟ್‌ನ ಡಾಟ್ ವಿಎಸ್‌ಕೋಡ್ ಫೋಲ್ಡರ್‌ನಲ್ಲಿ ‘ಎಕ್ಸ್‌ಟೆನ್ಷನ್ಸ್ ಡಾಟ್ ಜೇಸನ್’ ಫೈಲಿಟ್ಟು ಅವುಗಳ ಐಡಿ ಬರೆಯಿರಿ. ಆ ಫೋಲ್ಡರನ್ನೇ, ಗಿಟ್ ಕಡೆಗಣಿಸಬೇಕಾದ ಫೈಲ್‌ಗಳ ಪಟ್ಟಿಯಾದ ಗಿಟ್‌ಇಗ್ನೋರ್‌ಗೆ ಸೇರಿಸಿಬಿಟ್ಟು, ಪಟ್ಟಿ ಯಾರಿಗೂ ತಲುಪದೇ ಹೋಗುವುದುಂಟು.

ಇನ್ನೊಂದು ಮಾತನ್ನು ಒತ್ತಿ ಹೇಳಲೇಬೇಕು. ವಿಎಸ್ ಕೋಡ್ ಪ್ಲಗ್‌ಇನ್‌ಗೆ ಬೇಲಿಯಿಲ್ಲ: ನೀವು ಓದಬಲ್ಲ ಯಾವ ಫೈಲನ್ನಾದರೂ ಅದು ಓದಬಲ್ಲದು, ಆ್ಯಪ್‌ಗೆ ಡಿಜಿಟಲ್ ಸಹಿ ಹಾಕುವ ಕೀಲಿಯಿರುವ ಕೀಸ್ಟೋರ್ ಮತ್ತು ಅದರ ಪಾಸ್‌ವರ್ಡ್ ಬರೆದಿಟ್ಟ ಫೈಲ್ ಸಹ. ಪ್ರಸಿದ್ಧ ಪ್ಲಗ್‌ಇನ್‌ನ ಹೆಸರನ್ನೇ ಹೋಲುವ ನಕಲಿಗಳೂ ಇರುತ್ತವೆ, ಹಾಗಾಗಿ ಹಾಕುವ ಮುನ್ನ ಪ್ರಕಾಶಕರ ಹೆಸರು ನೋಡಿ. ಕೀಸ್ಟೋರನ್ನು ಪ್ರಾಜೆಕ್ಟ್ ಫೋಲ್ಡರಿನಿಂದ ಹೊರಗಿಟ್ಟರೆ ಸಾಲದು. ಸಹಿ ಹಾಕುವ ಕೆಲಸವನ್ನು, ಆ್ಯಪ್ ಸಿದ್ಧಪಡಿಸುವ ಪ್ರತ್ಯೇಕ ಕಂಪ್ಯೂಟರಾದ ಬಿಲ್ಡ್ ಸರ್ವರಿಗೆ ವಹಿಸಿ, ಕೀಲಿಯನ್ನು ದಿನನಿತ್ಯದ ಕಂಪ್ಯೂಟರಿನಿಂದಲೇ ತೆಗೆದುಬಿಡಿ.

– ಮೊಬೈಲ್ ಆ್ಯಪ್ ಡೆವಲಪರ್ ಓದುಗರು