ಟೆಲಿಗ್ರಾಫ್ ಗುಡ್ಡದ ಮೆಟ್ಟಿಲ ದಾರಿ: ಗೆಳೆಯನಿಗೊಂದು ಪತ್ರ

ಮಂಗಳೂರು

ಪ್ರಿಯ ಗೆಳೆಯಾ,

ಮಗನ ಮನೆಗೆಂದು ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿರುವ ನೀನು, ಅಲ್ಲಿ ತಪ್ಪದೆ ನೋಡಬೇಕಾದದ್ದು ಯಾವುದು ಎಂದು ಕೇಳಿದ್ದೀಯ. ಗೋಲ್ಡನ್ ಗೇಟ್ ಸೇತುವೆಯನ್ನು ಮಗ ಹೇಗೂ ತೋರಿಸುತ್ತಾನೆ. ನಾನು ಹೇಳುವುದು ಊರಿನ ಈಶಾನ್ಯ ಮೂಲೆಯಲ್ಲಿರುವ ಟೆಲಿಗ್ರಾಫ್ ಗುಡ್ಡದ ಪೂರ್ವದ ಇಳಿಜಾರಿನ ಫಿಲ್ಬರ್ಟ್ ಮೆಟ್ಟಿಲುಗಳ ಬಗ್ಗೆ. ಮಗಳ ಮನೆಯಲ್ಲಿದ್ದ ದಿನಗಳಲ್ಲಿ ನಾನು ಮತ್ತೆ ಮತ್ತೆ ಹೋದ ಜಾಗ ಅದೊಂದೇ.

ಹೆಸರಿಗೆ ಅದು ಫಿಲ್ಬರ್ಟ್ ಸ್ಟ್ರೀಟ್ ಎಂಬ ರಸ್ತೆ. ಗುಡ್ಡ ಕಡಿದಾಗುವಲ್ಲಿ ವಾಹನಗಳು ಏರಲಾರವು. ಅಲ್ಲಿಂದ ಮುಂದೆ ರಸ್ತೆಯೇ ಮೆಟ್ಟಿಲಾಗುತ್ತದೆ. ಒಟ್ಟು ಸುಮಾರು 400 ಮೆಟ್ಟಿಲುಗಳು. ಕೆಳಗೆ ಸ್ಯಾನ್ಸಮ್ ಸ್ಟ್ರೀಟಿನಿಂದ ಹೊರಡುವ ಕಾಂಕ್ರೀಟಿನ ಮೆಟ್ಟಿಲುಗಳ ಪಕ್ಕದಲ್ಲಿ ಬೋಳು ಬಂಡೆಯ ದರೆ ನೆಟ್ಟಗೆ ನಿಂತಿದೆ. ಒಂದು ಕಾಲದಲ್ಲಿ ಆ ಬದಿಯಲ್ಲಿ ಕಲ್ಲಿನ ಕೋರೆಗಳಿದ್ದವು. ಸಿಡಿಮದ್ದಿಟ್ಟು ಗುಡ್ಡವನ್ನೇ ಕಡಿದ ಗುರುತು ಅದು. ಕೆಂಪು ಕಲ್ಲಿನ ಕೋರೆಗಳನ್ನು ಕಂಡಿರುವ ನಮ್ಮ ಜಿಲ್ಲೆಯವರಿಗೆ ಆ ನೋಟವನ್ನು ವಿವರಿಸಬೇಕಾಗಿಲ್ಲ.

ಗುಡ್ಡದ ಚರಿತ್ರೆಯನ್ನು ಓದುತ್ತಿದ್ದಾಗ ನನಗೆ ಹಳೆಯ ದೀಪಸ್ತಂಭವಿರುವ ನಮ್ಮ ಮಂಗಳೂರಿನ ಬಾವುಟಗುಡ್ಡೆ ನೆನಪಾಯಿತು. ಚಿನ್ನದ ಬೇಟೆಯ ಕಾಲದಲ್ಲಿ, 1850ರ ಹೊತ್ತಿಗೆ, ಟೆಲಿಗ್ರಾಫ್ ಗುಡ್ಡದ ನೆತ್ತಿಯಲ್ಲಿ ನಿಲ್ಲಿಸಿದ ಕಂಬವೊಂದು ತನ್ನ ಮರದ ತೋಳುಗಳನ್ನು ಎತ್ತಿ ಇಳಿಸಿ, ಬಂದರಿಗೆ ಬರುತ್ತಿರುವ ಹಡಗು ಯಾವ ಬಗೆಯದೆಂದು ಊರಿಗೆ ಸಾರುತ್ತಿತ್ತು. ಈಗ ಅಲ್ಲಿರುವುದು 1933ರಲ್ಲಿ ಕಟ್ಟಿ ಮುಗಿಸಿದ, 210 ಅಡಿ ಎತ್ತರದ ಕಾಯ್ಟ್ ಟವರ್. ಲಿಲ್ಲಿ ಹಿಚ್‌ಕಾಕ್ ಕಾಯ್ಟ್ ಎಂಬ ಮಹಿಳೆ ಊರನ್ನು ಚಂದಗೊಳಿಸಲೆಂದು ಬಿಟ್ಟುಹೋದ ಹಣದಿಂದ ಎದ್ದದ್ದು. ನಮ್ಮ ಗುಡ್ಡೆಯ ಸಂತ ಅಲೋಶಿಯಸ್ ಚಾಪೆಲಿನ ಗೋಡೆಗಳಲ್ಲಿ ಇಟಲಿಯ ಚಿತ್ರಕಾರ ಮೊಸ್ಕೇನಿ ಸಂತರ ಬದುಕನ್ನು ಬರೆದರೆ, ಅಲ್ಲಿನ ಗೋಡೆಗಳಲ್ಲಿ 1934ರ ಆರ್ಥಿಕ ಕುಸಿತದ ದಿನಗಳ ಕಲಾವಿದರು ಕಿತ್ತಳೆ ಕೀಳುವವರನ್ನೂ ಕಾರ್ಖಾನೆಯ ಕೆಲಸಗಾರರನ್ನೂ ಬರೆದಿದ್ದಾರೆ. ಅದನ್ನು ನೋಡಲು ಸಾಕಷ್ಟು ಸಮಯ ಇಟ್ಟುಕೋ.

ಆದರೆ ನನ್ನ ಮನಸ್ಸು ನಿಂತದ್ದು ಮೆಟ್ಟಿಲುಗಳ ನಡುಭಾಗದಲ್ಲಿ. ಅಲ್ಲಿ ಕಾಂಕ್ರೀಟು ಮುಗಿದು ಮರದ ಮೆಟ್ಟಿಲುಗಳಿವೆ, ಎರಡೂ ಪಕ್ಕದಲ್ಲಿ ತೋಟವಿದೆ. 1949ರ ಸುಮಾರಿಗೆ ಗ್ರೇಸ್ ಮಾರ್ಚೆಂಟ್ ಎಂಬಾಕೆ ಅಲ್ಲಿಗೆ ವಾಸಕ್ಕೆ ಬಂದಾಗ ಆ ಇಳಿಜಾರು ಹಲವು ದಶಕಗಳಿಂದ ಕಸ ಎಸೆಯುವ ಜಾಗವಾಗಿತ್ತು. ಮೂಕಿ ಚಿತ್ರಗಳ ಕಾಲದಲ್ಲಿ ಹಾಲಿವುಡ್ಡಿನಲ್ಲಿ ಸಾಹಸ ದೃಶ್ಯಗಳನ್ನು ಮಾಡುತ್ತಿದ್ದ ಆಕೆಗೆ ಆಗಲೇ ಅರವತ್ತು ದಾಟಿತ್ತು. ನಮ್ಮಲ್ಲಾದರೆ ಇನ್ನು ಮನೆಯೊಳಗೆ ಕುಳಿತಿರಿ ಎಂದು ಮಕ್ಕಳು ಹೇಳುವ ಪ್ರಾಯ. ಆಕೆ ಕಸವನ್ನು ತೆಗೆದು, ಮಣ್ಣನ್ನು ಹದಮಾಡಿ, ಗಿಡ ನೆಡುತ್ತಾ ಹೋದರು. 1982ರಲ್ಲಿ ತೀರಿಕೊಳ್ಳುವವರೆಗೂ ಆ ತೋಟವೇ ಅವರ ಬದುಕಾಗಿತ್ತು. ಆ ನೆಲ ಅವರ ಸ್ವಂತದ್ದಾಗಿರಲಿಲ್ಲ, ಮಾಡೆಂದು ಯಾರೂ ಹೇಳಿರಲಿಲ್ಲ. ಅವರ ನಂತರ ನೆರೆಯ ಗ್ಯಾರಿ ಕ್ರೇ ಎಂಬವರು ಅದೇ ಶ್ರದ್ಧೆಯಿಂದ ದಶಕಗಳ ಕಾಲ ತೋಟವನ್ನು ನೋಡಿಕೊಂಡರು. ಪಕ್ಕದ ಗ್ರೀನ್‌ವಿಚ್ ಮೆಟ್ಟಿಲುಗಳ ಬಳಿ ಗ್ರೇಸ್ ಅವರ ಮಗಳೂ ತೋಟ ಬೆಳೆಸಿದರು.

ಅಲ್ಲಿನ ಮಳೆ ವರ್ಷಕ್ಕೆ 600 ಮಿಲಿಮೀಟರನ್ನೂ ಮುಟ್ಟುವುದು ಕಷ್ಟ, ಅದೂ ಚಳಿಗಾಲದಲ್ಲಿ. ಬೇಸಿಗೆಯಲ್ಲಿ ಬರುವುದು ಮಂಜು ಮಾತ್ರ. ಗುಲಾಬಿಯೂ ಜರಿಗಿಡಗಳೂ ಫ್ಯೂಷಿಯಾ ಹೂಗಿಡಗಳೂ ಬದುಕಬೇಕಾದರೆ ಯಾರಾದರೂ ನೀರು ಹಾಕಲೇಬೇಕು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಪಡೆಯುವ ನಮ್ಮಲ್ಲಿ ಮುರಕಲ್ಲಿನ ಸಂದಿಯಲ್ಲೂ ಜರಿ ತಾನಾಗಿ ಹುಟ್ಟುತ್ತದೆ. ಆ ಮೆಟ್ಟಿಲಿನ ಮೇಲೆ ನಿಂತಾಗ ನನಗೆ ಇದೇ ಯೋಚನೆ ಕಾಡಿತು.

ತೋಟದ ಪಕ್ಕದಲ್ಲಿ ನೇಪಿಯರ್ ಲೇನ್ ಎಂಬ ಓಣಿ ಕವಲೊಡೆಯುತ್ತದೆ. ಅದಕ್ಕೆ ಡಾಮರಿಲ್ಲ, ಹಲಗೆಗಳನ್ನು ಅಡ್ಡಡ್ಡ ಹಾಸಿದ್ದಾರೆ. ಆ ಊರಿನಲ್ಲಿ ಉಳಿದಿರುವ ಕೆಲವೇ ಹಲಗೆಯ ರಸ್ತೆಗಳಲ್ಲಿ ಅದೊಂದು. ನಾನು ಬಗ್ಗಿ ನೋಡಿದೆ: ಹಲಗೆಯ ನಡುಭಾಗ ತುಳಿತಕ್ಕೆ ಸವೆದು ತುಸು ತಗ್ಗಾಗಿತ್ತು, ಅಂಚಿನಲ್ಲಿ ಮೊಳೆಯ ತಲೆಗಳು ತುಕ್ಕಿನಿಂದ ಕಪ್ಪಾಗಿದ್ದವು, ಸಂದಿಗಳಿಂದ ಸಣ್ಣ ಎಲೆಯ ಹಸಿರು ಗಿಡವೊಂದು ಇಣುಕುತ್ತಿತ್ತು. ಆ ಸುತ್ತಿನ ಕೆಲವು ಮರದ ಮನೆಗಳು 1906ರ ಭೂಕಂಪದ ನಂತರ ಊರನ್ನೇ ಸುಟ್ಟ ಬೆಂಕಿಯಿಂದ ಪಾರಾದವು. ಇಂದಿಗೂ ಅವುಗಳಿಗೆ ಕಾರಿನ ದಾರಿಯಿಲ್ಲ. ದಿನಸಿಯಿಂದ ಹಿಡಿದು ಕಪಾಟಿನವರೆಗೆ ಎಲ್ಲವನ್ನೂ ಮೆಟ್ಟಿಲಿನ ಮೇಲೆಯೇ ಹೊತ್ತು ತರಬೇಕು.

ತೋಟ ಕೈತಪ್ಪುವ ಸಂದರ್ಭವೂ ಬಂದಿತ್ತು. 1980ರ ದಶಕದಲ್ಲಿ ಕಟ್ಟಡ ಕಟ್ಟುವ ಪ್ರಯತ್ನ ನಡೆದಾಗ, ನೆರೆಹೊರೆಯವರು ಸಾರ್ವಜನಿಕ ಭೂಮಿಯನ್ನು ಉಳಿಸುವ ಸಂಸ್ಥೆಯೊಂದರ ಜೊತೆ ಸೇರಿ, ತೋಟವನ್ನು ಚದರ ಇಂಚಿಗೆ 10 ಡಾಲರಿನಂತೆ ಜನರ ಹೆಸರಿಗೆ ಸಾಂಕೇತಿಕವಾಗಿ ಕೊಟ್ಟು ಹಣ ಕೂಡಿಸಿದರು. ಸಾವಿರಾರು ಜನರ ಹಣದಲ್ಲಿ ತೋಟ ಉಳಿಯಿತು. ಊರಿನ ಕೆರೆಯನ್ನೋ ಬನವನ್ನೋ ಉಳಿಸಲು ಹೊರಟವರು ಈ ಉಪಾಯವನ್ನು ಗಮನಿಸಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ನಮ್ಮ ಊರೂ ಗುಡ್ಡೆಗಳ ಊರೇ ಅಲ್ಲವೇ? ಕದ್ರಿ ದೇವಸ್ಥಾನದಿಂದ ಜೋಗಿ ಮಠದ ಕಡೆಗೆ ಏರುವ ಮೆಟ್ಟಿಲುಗಳಿಗೆ ಭಕ್ತರ ಕಾಳಜಿಯಿದೆ. ಆದರೆ ಮನೆಗಳ ನಡುವಿನಿಂದ ಇಳಿಯುವ, ದೇವರ ಹೆಸರಿಲ್ಲದ ಮೆಟ್ಟಿಲ ಓಣಿಗಳನ್ನು ಕೇಳುವವರಿಲ್ಲ. ಕಾರು ಹೋಗದ ದಾರಿಯನ್ನು ನಾವು ದಾರಿಯೆಂದೇ ಲೆಕ್ಕಿಸುವುದಿಲ್ಲ. ಕಸದ ಚೀಲಕ್ಕೆ ಮಾತ್ರ ಅದು ಅನುಕೂಲದ ಜಾಗವಾಗಿ ಕಾಣುತ್ತದೆ. 2019ರ ಆಗಸ್ಟಿನ ಮಳೆಯಲ್ಲಿ ನಮ್ಮ ಊರಿನ ಪಚ್ಚನಾಡಿಯ ಕಸದ ರಾಶಿ ಜಾರಿ ಮಂದಾರ ಎಂಬಲ್ಲಿನ ಮನೆ, ತೋಟಗಳನ್ನು ಮುಚ್ಚಿದ್ದನ್ನು ನಾವಿಬ್ಬರೂ ನೋಡಿದವರು. ಇಳಿಜಾರಿನಲ್ಲಿ ಎಸೆದದ್ದು ಎಸೆದಲ್ಲಿಯೇ ಉಳಿಯುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ? ನಮ್ಮ ಮನೆಯ ಹಿಂದಿನ ಓಣಿಯ ಮೆಟ್ಟಿಲುಗಳನ್ನು ಈ ಸಲ ಮಳೆ ಹಿಡಿಯುವ ಮೊದಲೇ ಗುಡಿಸಿ, ದರೆಯ ಬದಿಗೆ ಲಾವಂಚ ನೆಡುವುದೆಂದು ಪಕ್ಕದ ಎರಡು ಮನೆಯವರೊಂದಿಗೆ ಮಾತಾಡಿದ್ದೇನೆ. ಬೇರು ಆಳಕ್ಕೆ ಇಳಿದು ಮಣ್ಣನ್ನು ಹಿಡಿಯುತ್ತದೆ. ನಿನ್ನ ಉಡುಪಿಯ ಮನೆಯ ಹಿತ್ತಲಿನಿಂದ ದಾಸವಾಳದ ಗೆಲ್ಲುಗಳನ್ನೂ ಕಳುಹಿಸಿಕೊಡು.

ನಿನ್ನ ಮೊಣಕಾಲು ನೋವಿನ ಬಗ್ಗೆ ಗೊತ್ತಿರುವುದರಿಂದ ಹೇಳುತ್ತೇನೆ: ಮೆಟ್ಟಿಲುಗಳನ್ನು ಕೆಳಗಿನಿಂದ ಹತ್ತಬೇಡ. 39ನೇ ನಂಬರಿನ ಬಸ್ಸು ಕಾಯ್ಟ್ ಟವರಿನವರೆಗೆ ಹೋಗುತ್ತದೆ. ಅಲ್ಲಿಂದ ಕೈಹಿಡಿಯನ್ನು ಹಿಡಿದು ನಿಧಾನವಾಗಿ ಇಳಿ. ಇಳಿಯುವುದೂ ಕಷ್ಟವೆನಿಸಿದರೆ ಮಾಂಟ್‌ಗೊಮರಿ ಸ್ಟ್ರೀಟಿನ ಬಳಿ ನಿಲ್ಲಿಸು, ಅಲ್ಲಿಗೆ ಕಾರು ಬರುತ್ತದೆ. ಆದರೆ ತೋಟವಿರುವುದು ಅದರ ಕೆಳಗೆ, ಆದ್ದರಿಂದ ಸಾಧ್ಯವಾದರೆ ಇನ್ನೊಂದಿಷ್ಟು ಇಳಿ. ಗದ್ದಲ ಕೇಳಿಸಿದರೆ ತಲೆಯೆತ್ತಿ ನೋಡು: ಕೆಂಪು ಮುಖದ ಹಸಿರು ಗಿಳಿಗಳ ಹಿಂಡು ಅಲ್ಲಿದೆ. ಈಕ್ವೆಡಾರ್ ಮತ್ತು ಪೆರು ಮೂಲದ ಅವು, ಪಂಜರದಿಂದ ತಪ್ಪಿಸಿಕೊಂಡು ಆ ಊರಿನವೇ ಆಗಿಬಿಟ್ಟ ಗಿಳಿಗಳ ಸಂತತಿ. ಮೆಟ್ಟಿಲುಗಳ ಪಕ್ಕದಲ್ಲೇ ಜನರು ವಾಸವಾಗಿದ್ದಾರೆ, ಜೋರಾಗಿ ಮಾತಾಡಬೇಡಿ ಎಂದು ಮೊಮ್ಮಕ್ಕಳಿಗೆ ಮೊದಲೇ ಹೇಳಿಟ್ಟಿರು. ಹೋಗಿ ಬಂದ ಮೇಲೆ ವಿವರವಾಗಿ ಬರೆ.

ಇಂತಿ ನಿನ್ನ ಗೆಳೆಯ