ಪ್ರಾಣಿಧಾಮಗಳಿಗೆ ಬೇಕು ವಾರವಾರವೂ ದುಡಿಯುವ ಕೈಗಳು

ಮಾನ್ಯ ಸಂಪಾದಕರೇ,

ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣದಲ್ಲಿರುವ ಬೀದಿ ನಾಯಿಗಳನ್ನು ಹಿಡಿದು, ಸಂತಾನಹರಣ ಚಿಕಿತ್ಸೆ ಹಾಗೂ ಲಸಿಕೆಯ ನಂತರ ಆಶ್ರಯ ತಾಣಗಳಲ್ಲಿ ಇರಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ನೀಡಿದ ಆದೇಶದ ಬಗ್ಗೆ ಪರ-ವಿರೋಧದ ಚರ್ಚೆ ಬೇಕಾದಷ್ಟು ನಡೆದಿದೆ. ಆದರೆ ಆ ತಾಣಗಳಲ್ಲಿ ದಿನಬೆಳಗಾದರೆ ಗೂಡು ತೊಳೆಯುವವರು, ಗಾಯಕ್ಕೆ ಔಷಧಿ ಹಚ್ಚುವವರು, ಮೈಗೆ ಕಚ್ಚಿದ ಉಣ್ಣಿ ಹುಳು ಕೀಳುವವರು ಯಾರೆಂದು ಕೇಳಿದವರು ಕಡಿಮೆ. ಮೈಸೂರಿನ ಪ್ರಾಣಿಧಾಮವೊಂದರಲ್ಲಿ ಭಾನುವಾರಗಳಂದು ಸ್ವಯಂಸೇವೆ ಮಾಡುವ ನನಗೆ ಇದೇ ಮೊದಲ ಪ್ರಶ್ನೆ.

ಹುಟ್ಟುಹಬ್ಬದಂದು ಮಕ್ಕಳೊಡನೆ ಬಂದು ಪ್ರಾಣಿಗಳಿಗೆ ತಿನಿಸು ಕೊಟ್ಟು ಹೋಗುವ ಕುಟುಂಬಗಳ ಪ್ರೀತಿ ದೊಡ್ಡದು. ಆದರೆ ಚಾಕೊಲೇಟ್ ನಾಯಿಗೆ ವಿಷವೆಂಬುದು ಅನೇಕರಿಗೆ ತಿಳಿದಿಲ್ಲ; ಅದರ ಬದಲು ಹಳೆಯ ಬೆಡ್‌ಶೀಟು, ಓದಿ ಮುಗಿದ ದಿನಪತ್ರಿಕೆಗಳನ್ನು ತಂದುಕೊಟ್ಟರೆ ಎಷ್ಟೋ ಉಪಕಾರ. ಅದಕ್ಕಿಂತಲೂ ಹೆಚ್ಚಾಗಿ ಬೇಕಿರುವುದು ವಾರಕ್ಕೆ ಎರಡು ಗಂಟೆಯಾದರೂ ಸರಿ, ತಪ್ಪದೆ ಬರುವವರು. ಏಕೆಂದರೆ ಏಟು ತಿಂದು ಬಂದ ನಾಯಿ ಮನುಷ್ಯರನ್ನು ಮತ್ತೆ ನಂಬಲು ಅದೇ ಮುಖವನ್ನು ಹಲವು ಬಾರಿ ನೋಡಬೇಕಾಗುತ್ತದೆ.

ಮರಿಗಳ ಪಾಡು ಇನ್ನೂ ಕಷ್ಟದ್ದು. ಮರಿಗಳಿಗೆ ಮಾರಕವಾದ ವಾಂತಿಭೇದಿ ತರುವ ಪಾರ್ವೊ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದಾದ್ದರಿಂದ, ಲಸಿಕೆಯ ಎಲ್ಲ ಡೋಸ್‌ಗಳೂ ಮುಗಿಯದ ಮರಿಗಳನ್ನು ಹತ್ತಾರು ನಾಯಿಗಳ ನಡುವೆ ಉಳಿಸಿಕೊಳ್ಳುವುದು ಎಷ್ಟೇ ಸ್ವಚ್ಛತೆ ಕಾಪಾಡಿದರೂ ಸುಲಭವಲ್ಲ. ಬೇರೆ ನಾಯಿಗಳಿಲ್ಲದ ಮನೆಯವರು ಕೆಲವು ವಾರಗಳ ಮಟ್ಟಿಗೆ ಅವುಗಳನ್ನು ಸಾಕಲು ಮುಂದೆ ಬಂದರೆ ಎಷ್ಟೋ ಜೀವಗಳು ಉಳಿಯುತ್ತವೆ. ಹಣ ಕೊಡುವುದಕ್ಕಿಂತ ಇದು ದೊಡ್ಡ ಸಹಾಯವೆಂದು ನಾನು ನಂಬಿದ್ದೇನೆ.

ಸ್ವಯಂಸೇವೆಗೆ ಬರುವವರು ಮುಂಚಿತವಾಗಿಯೇ ರೇಬೀಸ್ ನಿರೋಧಕ ಲಸಿಕೆ ಪಡೆಯಬೇಕು. ಹಾಗಿದ್ದೂ ಕಚ್ಚಿಸಿಕೊಂಡರೆ, ಗಾಯವನ್ನು ತಕ್ಷಣ 15 ನಿಮಿಷ ಸೋಪು ನೀರಿನಲ್ಲಿ ತೊಳೆದು ವೈದ್ಯರನ್ನು ಕಾಣಲೇಬೇಕು.

ಆಸೆಪಟ್ಟು ಕೊಂಡ ವಿದೇಶಿ ತಳಿಯ ನಾಯಿಗೆ ವಯಸ್ಸಾದಾಗ ಅಥವಾ ಚರ್ಮರೋಗ ಬಂದಾಗ ರಾತ್ರಿ ಧಾಮದ ಗೇಟಿಗೆ ಕಟ್ಟಿ ಹೋಗುವವರೂ ಇದ್ದಾರೆ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವಂತೆ ಅಕಾರಣವಾಗಿ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಇಂಥವರಿಂದ ತುಂಬಿಹೋಗುವ ಧಾಮಗಳಲ್ಲಿ ದೇಸಿ ತಳಿಯ ದೊಡ್ಡ ನಾಯಿಗಳನ್ನು ದತ್ತು ಕೇಳುವವರೇ ಅಪರೂಪ; ಬಂದವರೆಲ್ಲ ಮರಿಗಳನ್ನೇ ಅರಸುತ್ತಾರೆ. ನಮ್ಮ ಹವೆಗೆ ಒಗ್ಗಿದ, ಸ್ವಭಾವ ಈಗಾಗಲೇ ತಿಳಿದಿರುವ ಈ ನಾಯಿಗಳ ಚಿತ್ರ ಹಾಗೂ ವಿವರಕ್ಕೆ ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ವಾರಕ್ಕೊಮ್ಮೆ ಸ್ವಲ್ಪ ಜಾಗ ನೀಡಬೇಕೆಂದು ವಿನಂತಿಸುತ್ತೇನೆ.

– ಓದುಗರೊಬ್ಬರು, ಮೈಸೂರು