ಕೈ ಮರೆತರೆ ಎಂದು ಕೇಳಿದ ಮೇಧಾಳಿಗೆ

ತೀರ್ಥಹಳ್ಳಿ

ಚಿ. ಮೇಧಾಳಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಊರಿನ ಸುದ್ದಿ, ಕೊಯಿಲಿನ ಸುದ್ದಿ ಎಲ್ಲವನ್ನೂ ನಿನ್ನ ಅಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ. ನಾನು ಅದಕ್ಕೆ ಕೈ ಹಾಕುವುದಿಲ್ಲ. ಹೊರದೇಶದ ನಿಮ್ಮ ವಿಶ್ವವಿದ್ಯಾಲಯದಲ್ಲಿ ಮಾರ್ಚ್‌ವರೆಗೆ ನಡೆಯಲಿರುವ ಕಛೇರಿಗಳ ಪಟ್ಟಿ, ಪಾಶ್ಚಾತ್ಯ ಸಂಗೀತ ನುಡಿಸುವ ನಿಮ್ಮ ನಾಲ್ವರ ತಂಡ, ಅದರಲ್ಲಿ ನಿನಗೆ ಸಿಕ್ಕಿರುವ ಎರಡನೆಯ ಪಿಟೀಲು, ಇದನ್ನೆಲ್ಲ ಓದಿ ಹಿಗ್ಗಿದೆ. ಪತ್ರದ ಕೊನೆಗೆ ಬಂದರೆ, ಸಹಿಯ ಮೇಲೆ ಇಷ್ಟು ಬರೆದಿದ್ದೀಯ: "ದೊಡ್ಡಮ್ಮಾ, ಇಷ್ಟು ತಿಂಗಳಿಂದ ಇದನ್ನೇ ನುಡಿಸುತ್ತಿದ್ದೇನೆ. ಮೊನ್ನೆ ತೋಡಿ ರಾಗ ನುಡಿಸಲು ಕುಳಿತರೆ ತೂಗಾಡಬೇಕಾದ ಗಾಂಧಾರ ಸ್ವರ ನೆಟ್ಟಗೆ ನಿಂತುಬಿಟ್ಟಿತು. ನನ್ನ ಕೈ ನಮ್ಮ ಸಂಗೀತವನ್ನು ಮರೆತರೆ?"

ಫೋನಿನಲ್ಲೇ ಸಮಾಧಾನ ಹೇಳಿ ಮುಗಿಸಬಹುದಿತ್ತು. ಆದರೆ ನೀನು "ಹೂಂ ದೊಡ್ಡಮ್ಮ, ಸರಿ ದೊಡ್ಡಮ್ಮ" ಎಂದು ಮಾತು ತಿರುಗಿಸಿಬಿಡುತ್ತೀಯ, ಭಯ ನಿನ್ನಲ್ಲೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಏನೂ ಆಗುವುದಿಲ್ಲ, ಸುಮ್ಮನಿರು ಎನ್ನಲು ನನಗೆ ಬಾಯಿ ಬರುವುದಿಲ್ಲ. ಕೈ ಮರೆಯುತ್ತದೆ, ಮೇಧಾ. ನನ್ನದು ಮರೆತ ಕೈ.

ನನ್ನ ಪಿಟೀಲಿನ ಕತೆ ಮನೆಯವರಿಗೆಲ್ಲ ಅರ್ಧ ಗೊತ್ತು. ಶಿವಮೊಗ್ಗದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಕಲಿತದ್ದು, ಮದುವೆಯಾಗಿ ಈ ಮನೆಗೆ ಬಂದದ್ದು, ಪಿಟೀಲು ಅಟ್ಟ ಸೇರಿದ್ದು. ಉಳಿದ ಅರ್ಧವನ್ನು ಯಾರಿಗೂ ಹೇಳಿಲ್ಲ. ನಮ್ಮ ಚಿಕ್ಕವನು ಕಾಲೇಜಿಗೆಂದು ಹೊರಟುಹೋದ ವರ್ಷ, ಮಳೆಗಾಲ ಮುಗಿದ ಮೇಲೆ, ನಾನು ಏಣಿ ಹಾಕಿ ಅದನ್ನು ಇಳಿಸಿದೆ. ಪೆಟ್ಟಿಗೆಯ ಚಿಲಕ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ತೆರೆದರೆ ಕಮಾನಿನ ಕೂದಲನ್ನೆಲ್ಲ ಹುಳು ತುಂಡರಿಸಿದೆ; ತುದಿಯಿಂದ ಹಿಡಿಯವರೆಗೆ ಇಡಿಯಾಗಿ ಉಳಿದದ್ದು ನಾಲ್ಕೈದು ಎಳೆ, ಮಿಕ್ಕದ್ದು ಕೆಂಪು ಮಖಮಲ್ಲಿನ ಮೇಲೆ ಉದುರಿ ಬಿದ್ದಿತ್ತು. ತೇವಕ್ಕೆ ಅಂಟು ಬಿಟ್ಟು ಮೇಲಿನ ಹಲಗೆ ಒಂದು ಬದಿಯಲ್ಲಿ ಬಾಯಿ ತೆರೆದಿತ್ತು. ಶಿವಮೊಗ್ಗಕ್ಕೆ ಕೊಟ್ಟು ಕಳಿಸಿ ರಿಪೇರಿ ಮಾಡಿಸಿದೆ. ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ ನೋಡಿಕೊಂಡು ಕುಳಿತೆ.

ಮೊದಲ ಪಾಠಗಳಾದ ಸರಳೆ ಬಂತು, ಜಂಟಿ ಬಂತು. ತೋಡಿಯ ಗಾಂಧಾರ ಬರಲಿಲ್ಲ. ಅದು ರಿಷಭದ ಕಡೆಯಿಂದ ಹೇಗೆ ಏಳಬೇಕು, ಮೇಲೆ ಎಷ್ಟು ತಾಗಬೇಕು, ಎಷ್ಟು ಬೇಗ ಮತ್ತೆ ಇಳಿಯಬೇಕು, ಎಲ್ಲ ಕಿವಿಯಲ್ಲಿ ನಿಚ್ಚಳವಾಗಿತ್ತು. ಬೆರಳು ಹೋಯಿತು, ನಿಂತಿತು. ನೆಟ್ಟಗೆ. ನಿನ್ನ ಪತ್ರದಲ್ಲಿ ಅದೇ ಮಾತು ಕಂಡಾಗ ಕಾಗದವನ್ನು ಮಡಚಿಟ್ಟು ಸ್ವಲ್ಪ ಹೊತ್ತು ಅಂಗಳದಲ್ಲಿ ಓಡಾಡಿ ಬಂದೆ.

ಆದರೆ ನನ್ನ ಬೆರಳು ಮರೆತದ್ದು ಬೇರೊಂದು ಸಂಗೀತ ಕಲಿತು ಅಲ್ಲ. ಅದು ಕಲಿತದ್ದು ಅಡಿಕೆ ಸುಲಿಯುವುದನ್ನು. ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿದು ಸುಲಿದು ತಂತಿ ಒತ್ತಿ ಗಟ್ಟಿಯಾಗಿದ್ದ ಬೆರಳ ತುದಿ ಮೆತ್ತಗಾಯಿತು, ಹೆಬ್ಬೆರಳಿನ ಬುಡ ಗಟ್ಟಿಯಾಯಿತು, ಉಗುರಿನ ಸುತ್ತ ಚೊಗರಿನ ಕಪ್ಪು ಕುಳಿತಿತು. ಈ ಮನೆಯಲ್ಲಿ ಯಾರೂ ನನಗೆ ನುಡಿಸಬೇಡ ಎಂದವರಲ್ಲ. ನುಡಿಸು ಎಂದೂ ಯಾರೂ ಅನ್ನಲಿಲ್ಲ. ನುಡಿಸಿದರೆ, ಗಾಂಧಾರ ತಪ್ಪಿತು ಎಂದು ಗುರುತಿಸುವ ಕಿವಿಯೂ ಇಲ್ಲಿರಲಿಲ್ಲ. ಆ ಕೊನೆಯದು ಎಷ್ಟು ದೊಡ್ಡ ಸಂಗತಿ ಎಂದು ನನಗೆ ಈಗ ಅನ್ನಿಸುತ್ತಿದೆ, ಅದಕ್ಕೆ ಮತ್ತೆ ಬರುತ್ತೇನೆ.

ನಿನ್ನ ಭಯ ಪೂರ್ತಿ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಕುರ್ಚಿಯ ಮೇಲೆ ಕುಳಿತು ಗಲ್ಲದ ಕೆಳಗೆ ಪಿಟೀಲು ಸಿಕ್ಕಿಸಿಕೊಳ್ಳುತ್ತೀಯ. ಇಲ್ಲಿ ನೆಲದ ಮೇಲೆ ಕುಳಿತು ಅದರ ತಲೆಯನ್ನು ಬಲಪಾದದ ಮೇಲೆ ಇಟ್ಟುಕೊಂಡೇ ಬೆಳೆದವಳು ನೀನು. ಪಾದದ ಮೇಲೆ ಭಾರ ಇಟ್ಟಾಗ ಎಡಗೈಗೆ ಹಿಡಿಯುವ ಕೆಲಸವಿರುವುದಿಲ್ಲ, ಅದು ತಂತಿಯುದ್ದಕ್ಕೂ ಸಲೀಸಾಗಿ ಜಾರುತ್ತದೆ. ಅಲ್ಲಿ ಬೆರಳು ಜಾಗಕ್ಕೆ ಬಿದ್ದು ನಿಲ್ಲಬೇಕು, ನಿಂತಲ್ಲೇ ಸ್ವಲ್ಪ ನಡುಗಬೇಕು. ಆ ನಡುಕ ಕಂಪಿತದ, ಅಂದರೆ ನಮ್ಮ ಸ್ವರದ ತೂಗಾಟದ, ಜಾಗಕ್ಕೆ ಬಂದು ಕುಳಿತುಬಿಡಬಹುದು, ಹೌದು. ಮೊನ್ನೆ ನಿನಗೆ ಆದದ್ದು ಅದೇ ಇರಬೇಕು. ಆದರೆ ಒಂದು ಸಂಜೆ ಗಾಂಧಾರ ನಿಂತದ್ದಕ್ಕೂ ಕೈ ಮರೆತದ್ದಕ್ಕೂ ಬಹಳ ದೂರವಿದೆ. ನಾನು ಆ ದೂರವನ್ನೆಲ್ಲ ನಡೆದವಳು, ನೀನು ಇನ್ನೂ ಹೊಸ್ತಿಲು ದಾಟಿಲ್ಲ.

ನಮ್ಮ ಗುರುಗಳು ಪಾಠದ ನಡುವೆ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರ ವಿಷಯ ಹೇಳುತ್ತಿದ್ದರು. ಮದರಾಸಿನ ಹತ್ತಿರದ ಮಣಲಿಯಲ್ಲಿ ಆ ಕುಟುಂಬ ಇದ್ದಾಗ ಬಾಲುಸ್ವಾಮಿಗಳು ಯುರೋಪಿನವನೊಬ್ಬನಿಂದ ಪಿಟೀಲು ಕಲಿತರು, ಅದನ್ನು ನಮ್ಮ ಸಂಗೀತಕ್ಕೆ ತಂದರು. ಅಣ್ಣ ಮುತ್ತುಸ್ವಾಮಿಗಳು ಮದರಾಸಿನ ಕೋಟೆಯ ಬ್ಯಾಂಡಿನ ಮಟ್ಟುಗಳನ್ನು ಕೇಳಿ ಅವಕ್ಕೆ ಸಂಸ್ಕೃತದಲ್ಲಿ ಸಾಹಿತ್ಯ ಬರೆದರು. ನೀನೂ ಚಿಕ್ಕವಳಿದ್ದಾಗ ನೊಟ್ಟುಸ್ವರ ಎಂದು ಹಾಡುತ್ತಿದ್ದೆಯಲ್ಲ, "ಸಂತತಂ ಪಾಹಿಮಾಂ", ಅದು ಇಂಗ್ಲಿಷರ ರಾಜಗೀತೆಯ ಮಟ್ಟು. ಸ್ವರವನ್ನು ತೂಗಿ ಜಾರಿಸುವ ಗಮಕವೇ ಇಲ್ಲದ ಆ ನೆಟ್ಟನೆಯ ಶಂಕರಾಭರಣ ರಾಗವನ್ನು ಮನಸ್ಸಿಗೆ ಹಚ್ಚಿಕೊಂಡವರೇ ಗಮಕ ತುಂಬಿದ ಕಮಲಾಂಬಾ ನವಾವರಣ ಕೃತಿಗಳನ್ನೂ ರಚಿಸಿದರು. ಅವರು ಏನನ್ನೂ ಮರೆಯಲಿಲ್ಲ. ನಮ್ಮ ಮೈಸೂರಿನ ಜಯಚಾಮರಾಜೇಂದ್ರ ಒಡೆಯರೂ ಹಾಗೆಯೇ. ಪಿಯಾನೋ ಕಲಿತು ಪಾಶ್ಚಾತ್ಯ ಸಂಗೀತದಲ್ಲಿ ಪಳಗಿದವರು. ಜರ್ಮನಿಯ ಸಂಗೀತಗಾರ ರಿಚರ್ಡ್ ಸ್ಟ್ರೌಸನ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಬಂದದ್ದು ಅವರು ಕೊಟ್ಟ ಹಣದ ಬೆಂಬಲದಿಂದ. ಅವರೇ ಶ್ರೀವಿದ್ಯಾ ಅಂಕಿತದಲ್ಲಿ 94 ಕೀರ್ತನೆ ಬರೆದರು. ಇವರೆಲ್ಲ ದೊಡ್ಡವರು, ನಾವು ಎಲ್ಲಿಯವರು ಎನ್ನುತ್ತೀಯ, ಗೊತ್ತು. ಆದರೂ ಒಂದು ಸಂಗೀತ ಒಳಗೆ ಬಂದರೆ ಇನ್ನೊಂದು ಎದ್ದು ಹೋಗಲೇಬೇಕು ಎಂಬುದು ಎಲ್ಲಿಯ ನಿಯಮ?

ನೀನು ಕಳಿಸಿದ ಪಟ್ಟಿ ಹಿಡಿದುಕೊಂಡು ನಾನೂ ಕೇಳಿದೆ. ನಮ್ಮ ಚಿಕ್ಕವನು ಮೊಬೈಲಿನಲ್ಲಿ ಹುಡುಕಿ ಹಾಕಿಕೊಟ್ಟ. ಹೈಡನ್ನನ ಆ ಚಕ್ರವರ್ತಿಯ ಹೆಸರಿನ ಕೃತಿ, 1797ರದ್ದು, ಅದರ ಎರಡನೆಯ ಭಾಗ ನನಗೆ ಬಹಳ ಹಿಡಿಸಿತು. ಒಂದೇ ಮಟ್ಟು ನಾಲ್ವರ ಕೈಗೂ ಬರುತ್ತದೆ, ಮಟ್ಟಿನ ಒಂದು ಸ್ವರವೂ ಕದಲುವುದಿಲ್ಲ, ಸುತ್ತ ನುಡಿಸುವವರ ಸಂಗತಿ ಮಾತ್ರ ಬದಲಾಗುತ್ತದೆ. ಮೊದಲನೆಯವರು ಹೇಳಿದ ಮೇಲೆ ಅದು ಬರುವುದು ನಿನ್ನ ಕೈಗೇ. ಪಿಟೀಲಿಗಿಂತ ದೊಡ್ಡವಾದ ವಯೋಲ, ಚೆಲ್ಲೋ ಎರಡೂ ಸುಮ್ಮನಿರುತ್ತವೆ, ಮೊದಲನೆಯ ಪಿಟೀಲು ನಿನ್ನ ಸುತ್ತ ಬಿರುಸಾಗಿ ಓಡುತ್ತದೆ, ನೀನು ಹೇಳಬೇಕಾದ್ದನ್ನು ನಿಧಾನವಾಗಿ ಹೇಳುತ್ತ ಹೋಗುತ್ತೀಯ. ಎರಡನೆಯ ಪಿಟೀಲು ಎಂದರೆ ಹಿಂದೆ ಕೂರುವುದು ಎಂದುಕೊಂಡಿದ್ದ ನಿನ್ನ ಅಮ್ಮನಿಗೆ ಇದನ್ನು ಕೇಳಿಸಿದ್ದೇನೆ.

ಇನ್ನೊಂದು ವಿಷಯ ಅದರಿಂದಲೇ ಹೊಳೆಯಿತು. ನಿಮ್ಮ ನಾಲ್ವರಲ್ಲಿ ವೀಣೆಯ ಹಾಗೆ ಸ್ವರಕ್ಕೊಂದು ಮೆಟ್ಟಿಲು ಕಟ್ಟಿದ ವಾದ್ಯವಿಲ್ಲ, ಪಿಯಾನೋ ಇಲ್ಲ. ಸ್ವರ ಎಲ್ಲಿ ನಿಲ್ಲಬೇಕು ಎಂದು ಹೇಳುವ ಯಂತ್ರವಿಲ್ಲದೆ ನಾಲ್ವರೂ ಒಬ್ಬರನ್ನೊಬ್ಬರು ಕೇಳಿಕೊಂಡು, ಗಾಂಧಾರವನ್ನು ಕೂದಲೆಳೆಯಷ್ಟು ಇಳಿಸಿ ಏರಿಸಿ, ಸೇರುವಲ್ಲಿ ನಿಲ್ಲಿಸುತ್ತೀರಿ. ಮೊದಲ ದಿನದಿಂದ ತಂಬೂರಿಯ ಮುಂದೆ ಕೂರಿಸಿ ನಿನಗೆ ಹೇಳಿಕೊಟ್ಟದ್ದು ಅದನ್ನೇ ಅಲ್ಲವೇ? ಮಳೆಗಾಲದಲ್ಲಿ ಹೊಸಹಳ್ಳಿಯ ಕಡೆಯ ಗಮಕಿಗಳು ನಮ್ಮ ತವರಿನ ಜಗುಲಿಗೆ ಬಂದು ಕುಮಾರವ್ಯಾಸ ಓದುವಾಗ ಹಾಗಿರುತ್ತಿತ್ತು. ಓದುವವರೊಬ್ಬರು, ಅರ್ಥ ಹೇಳುವವರೊಬ್ಬರು. ಮೈಕಿಲ್ಲ, ವೇದಿಕೆಯಿಲ್ಲ, ಒಬ್ಬರ ಉಸಿರು ಮುಗಿಯುವುದನ್ನು ಇನ್ನೊಬ್ಬರು ಕಾಯುತ್ತಿದ್ದರು. ನಿನ್ನ ಪತ್ರದಲ್ಲಿ "ನಮ್ಮಲ್ಲಿ ನಿರ್ದೇಶಕರಿಲ್ಲ, ಮೊದಲನೆಯವಳು ಉಸಿರೆಳೆದುಕೊಳ್ಳುವುದನ್ನು ನೋಡಿ ಶುರು ಮಾಡುತ್ತೇವೆ" ಎಂದು ಓದಿದಾಗ ನನಗೆ ಆ ಜಗುಲಿಯೇ ಕಂಡಿತು. ಅಂಥ ಕಡೆ ಕೂತು ನಿನ್ನ ಕಿವಿ ಕೆಡುವುದುಂಟೇ?

ಬೀಥೋವನನದನ್ನು ರಾತ್ರಿ ಕೇಳಿದೆ. ನೂರ ಮೂವತ್ತೆರಡನೆಯ ಸಂಖ್ಯೆಯದು, ನಿನಗೆ ಭಯ ಹುಟ್ಟಿಸಿದ್ದು ಅದೇ ಎಂದು ನನ್ನ ಊಹೆ, ಯಾಕೆಂದರೆ ಅದರ ಮೂರನೆಯ ಭಾಗದ ಆರಂಭವನ್ನು ಬೆರಳು ಒಂದಿಷ್ಟೂ ನಡುಗಿಸದೆ ನುಡಿಸುತ್ತೇವೆ ಎಂದಿದ್ದೀಯ. 1825ರಲ್ಲಿ ದೊಡ್ಡ ಕಾಯಿಲೆ ಬಿದ್ದು ಎದ್ದ ಮೇಲೆ, ಗುಣವಾದವನು ದೇವರಿಗೆ ಸಲ್ಲಿಸುವ ಕೃತಜ್ಞತೆಯ ಹಾಡು ಎಂದು ಅವನೇ ಹೆಸರಿಟ್ಟು ಬರೆದದ್ದಂತೆ. ಲಿಡಿಯನ್ ಎಂಬ ಹಳೆಯ ಕ್ರಮದಲ್ಲಿದೆ. ಕೇಳುತ್ತ ಕೇಳುತ್ತ ಬಾಯಲ್ಲಿ ಸ್ವರ ಹೇಳಿಕೊಂಡೆ: ಪ್ರತಿ ಮಧ್ಯಮ! ಸ್ವರಗಳೆಲ್ಲ ನಮ್ಮ ಕಲ್ಯಾಣಿ ರಾಗದವು. ನಡೆ ಕಲ್ಯಾಣಿಯದಲ್ಲ, ಕೆಲವು ಕಡೆ ಷಡ್ಜ ಎಲ್ಲಿದೆ ಎಂದೇ ನನಗೆ ತಿಳಿಯಲಿಲ್ಲ. ಮೊದಮೊದಲು ಒಂದೊಂದು ಸ್ವರಕ್ಕೂ ನಾನು ಕಾಯುತ್ತಿದ್ದೆ, ಈಗ ತೂಗುತ್ತದೆ, ಈಗ ಜಾರುತ್ತದೆ ಎಂದು. ಅದು ತೂಗಲೂ ಇಲ್ಲ, ಜಾರಲೂ ಇಲ್ಲ. ಆಮೇಲೆ ಯಾವಾಗಲೋ ಕಾಯುವುದನ್ನು ಬಿಟ್ಟಿದ್ದೆ. ನಿಂತ ಸ್ವರಕ್ಕೂ ಇಷ್ಟು ಮಾತಿದೆ ಎಂದು ಈ ವಯಸ್ಸಿನಲ್ಲಿ ತಿಳಿಯಿತು, ನಿನ್ನ ದೆಸೆಯಿಂದ. ಆ ವೇಳೆಗಾಗಲೇ ಅವನಿಗೆ ಕಿವಿ ಕೇಳುತ್ತಿರಲಿಲ್ಲ, ನಾಲ್ವರು ನುಡಿಸಿದ್ದನ್ನು ಅವನು ಕೇಳಲೇ ಇಲ್ಲ. ಹೊರಗಿನ ಕಿವಿಯೇ ಹೋದವನಲ್ಲಿ ಅಷ್ಟು ಉಳಿದಿತ್ತು, ಮೇಧಾ. ಎರಡು ಕಿವಿಯೂ ನೆಟ್ಟಗಿರುವ ನಿನ್ನಲ್ಲಿ ತೋಡಿ ಯಾಕೆ ಉಳಿಯುವುದಿಲ್ಲ?

ಈಗ ನಾನು ಆಗ ಬಿಟ್ಟ ಮಾತು. ನಿನ್ನ ಸಾಲನ್ನು ಮತ್ತೆ ಮತ್ತೆ ಓದಿದಾಗ ನನಗೆ ಅನುಮಾನ ಬಂತು, ನೀನು ಹೆದರಿರುವುದು ಕೈ ಮರೆತೀತು ಎಂದೋ, ಮರೆತರೂ ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ ಎಂದೋ? ಅಂದು ಸಂಜೆ ಗಾಂಧಾರ ನಿಂತಾಗ ಪಕ್ಕದ ಕೋಣೆಯ ಹುಡುಗಿ ಬಂದು "ಚೆನ್ನಾಗಿತ್ತು" ಎಂದಳು ಎಂದು ಬರೆದಿದ್ದೀಯ. ಆ ಮಗುವಿನ ತಪ್ಪೇನೂ ಇಲ್ಲ. ಆದರೆ ಆ "ಚೆನ್ನಾಗಿತ್ತು" ಎಷ್ಟು ಚುಚ್ಚುತ್ತದೆ ಎಂದು ನನಗೆ ಗೊತ್ತು. ರಿಪೇರಿಯಾಗಿ ಬಂದ ಪಿಟೀಲನ್ನು ಒಮ್ಮೆ ಹಬ್ಬದ ದಿನ ಎಲ್ಲರ ಒತ್ತಾಯಕ್ಕೆ ನುಡಿಸಿದಾಗ ಮನೆಯವರೆಲ್ಲ ನನಗೂ ಹಾಗೆಯೇ ಅಂದರು. ಪ್ರೀತಿಯಿಂದಲೇ ಅಂದರು. ಮಾರನೆಯ ದಿನ ನಾನು ಅದನ್ನು ಪೆಟ್ಟಿಗೆಯಲ್ಲಿಟ್ಟೆ. ತಪ್ಪಾಯಿತು ಎಂದು ಒಬ್ಬರಾದರೂ ಹೇಳಿದ್ದರೆ ಇನ್ನಷ್ಟು ದಿನ ಕುಳಿತು ಸಾಧಕ ಮಾಡುತ್ತಿದ್ದೆನೇನೋ. ಈ ಕೊರಗು ನನ್ನಲ್ಲಿ ಇನ್ನೂ ಇದೆ.

ಹೇಳಿಕೊಡಲು ನನ್ನ ಹತ್ತಿರ ಹೆಚ್ಚೇನೂ ಇಲ್ಲ, ನಿನಗೆ ಅಲ್ಲಿ ದೊಡ್ಡ ದೊಡ್ಡ ಮೇಷ್ಟ್ರುಗಳಿದ್ದಾರೆ. ಆದರೂ ಬೆಳಿಗ್ಗೆ ಅವರ ಪಾಠಕ್ಕೆ ಕೂರುವ ಮೊದಲು ಭೈರವಿ ರಾಗದ "ವಿರಿಬೋಣಿ" ವರ್ಣವನ್ನು ಒಂದೇ ಸಲ, ವಿಳಂಬದಲ್ಲಿ, ನೆಲದ ಮೇಲೆ ಕುಳಿತು ನುಡಿಸಿಕೊಂಡರೆ ಒಳ್ಳೆಯದೇನೋ. ಸಮಯವಿಲ್ಲದಿದ್ದರೆ ಹಾಡಿಕೊ, ನಡೆಯುತ್ತಲೇ ಹಾಡಿಕೊ; ಹಾಡಿದ್ದು ಕೈಗೆ ಇಳಿಯುತ್ತದೆ. ಒಂದೇ ಪಿಟೀಲು ಇರುವುದರಿಂದ ತಂತಿಗಳನ್ನು ನಮ್ಮ ಸ ಪ ಸ ಪ ಶ್ರುತಿಗೆ ಬದಲಿಸಿ ಮತ್ತೆ ಅವರ ಶ್ರುತಿಗೆ ಏರಿಸುವುದನ್ನು ಕಛೇರಿಯ ವಾರದಲ್ಲಾದರೂ ಬಿಡು, ತಂತಿ ಶ್ರುತಿಯಲ್ಲಿ ನಿಲ್ಲುವುದಿಲ್ಲ. ಆ ವಾರ ತೋಡಿ ನುಡಿಸದಿದ್ದರೆ ಏನೂ ಆಗದು. ನುಡಿಸಿ ಮುಗಿದ ಮೇಲೆ ಕಮಾನು ಸಡಿಲಿಸುವುದನ್ನು ಮರೆಯಬೇಡ, ಇದನ್ನು ನಿನಗೆ ಹೇಳಬೇಕೇ ಎಂದು ನಗಬೇಡ. ನಮ್ಮ ಮಳೆಗಾಲದಲ್ಲಿ ಬಿರಡೆ ಉಬ್ಬಿ ತಿರುಗುವುದೇ ಇಲ್ಲ; ಅಲ್ಲಿ ಕೋಣೆ ಬೆಚ್ಚಗೆ ಮಾಡಿದಾಗ ಗಾಳಿ ಒಣಗಿ ಬಿರಡೆ ಜಾರುತ್ತದಂತೆ. ಬಿರಡೆಗೆ ಒಂಚೂರು ಸೀಮೆಸುಣ್ಣ ಸವರಿ ನೋಡು.

ಮತ್ತೊಂದು. ಅಲ್ಲಿ ಭಾಗ ಭಾಗಗಳ ನಡುವೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ತೊಡೆಯ ಮೇಲೆ ತಾಳ ಹಾಕುವವರಿಲ್ಲ, ಭೇಷ್ ಎನ್ನುವವರಿಲ್ಲ ಎಂದು ಬರೆದಿದ್ದೀಯ. ಇಲ್ಲಿ ಪ್ರತಿ ಸಂಗತಿಗೂ ಮುಂದಿನ ಸಾಲಿನಿಂದ ತಲೆದೂಗುವುದನ್ನು ಕಂಡು ಬೆಳೆದವಳಿಗೆ ಆ ನಿಶ್ಶಬ್ದ ಒಗ್ಗಲು ಹೊತ್ತು ಬೇಕು. ಕೇಳುತ್ತಿಲ್ಲ ಎಂದುಕೊಳ್ಳಬೇಡ. ಅವರ ರೀತಿ ಅದು.

ತೋಡಿಗೆ ಮಾತ್ರ ಅಲ್ಲಿ ಕೇಳುವವರು ಸಿಗುವವರೆಗೆ ನನಗೆ ಕೇಳಿಸು. ಭಾನುವಾರ ನಿನಗೆ ಬೆಳಿಗ್ಗೆ, ನನಗೆ ಸಂಜೆ, ಅಡುಗೆಮನೆಯ ಕೆಲಸ ಶುರುವಾಗುವ ಮೊದಲು. ವಿಡಿಯೋ ಕರೆ ಮಾಡುವುದನ್ನು ಚಿಕ್ಕವನು ತೋರಿಸಿಕೊಟ್ಟಿದ್ದಾನೆ. ಸಿಗ್ನಲ್ ಸಿಗುವುದು ಕೊಟ್ಟಿಗೆಯ ಮೇಲಿನ ದರೆಯ ಹತ್ತಿರ ಮಾತ್ರ, ಅಲ್ಲಿಗೇ ಹೋಗಿ ಕೂರುತ್ತೇನೆ. ನನ್ನ ಬೆರಳು ಹೋದರೂ ಕಿವಿ ಹೋಗಿಲ್ಲ. ಗಾಂಧಾರ ನಿಂತರೆ ನಿಂತಿತು ಎಂದೇ ಹೇಳುತ್ತೇನೆ, ನಿನ್ನ ಮುಖ ನೋಡಿ ಮೆಚ್ಚುವುದಿಲ್ಲ. ಮಾರ್ಚ್ ಕಛೇರಿಯ ದಿನಾಂಕ, ಗಂಟೆ ಎರಡನ್ನೂ ನಮ್ಮ ಹೊತ್ತಿಗೆ ಲೆಕ್ಕ ಹಾಕಿ ನಿನ್ನ ಅಮ್ಮನಿಗೆ ತಿಳಿಸು.

ಇತಿ ಆಶೀರ್ವಾದಗಳು,
ನಿನ್ನ ದೊಡ್ಡಮ್ಮ